ಪ್ರಮೀಳಾ ಏನೂ ಕೆಲಸ ಮಾಡುವುದಿಲ್ಲ

ನಮ್ಮ ಕಡೆಯ ಹೆಂಗಸರನ್ನು ಯಾವ ಆಸ್ಪತ್ರೆಯಲ್ಲಿ ಬೇಕಾದರೂ ಕೇಳಿ ನೋಡಿ, "ಏನು ಕೆಲಸ ಮಾಡ್ತೀರಮ್ಮ?" ಅಂತ. "ಏನೂ ಇಲ್ಲ ಕಣ್ರೀ, ಮನೇಲೇ ಇರ್ತೀನಿ" ಅನ್ನುತ್ತಾರೆ. ಬೆಳಗಾಗೆದ್ದು ಕೊಟ್ಟಿಗೆ ಬಾಚಿ, ನೀರು ಸೇದಿ, ಹೊಲಕ್ಕೆ ಬುತ್ತಿ ಹೊತ್ತು, ಸಂಜೆಗೆ ಸೌದೆ ಹೊರೆ ತಂದವಳೂ ಅದನ್ನೇ ಹೇಳುತ್ತಾಳೆ. ಕೇಳಿದವರೂ ಹಾಗೇ ಬರೆದುಕೊಳ್ಳುತ್ತಾರೆ. ಪಿರಿಯಾಪಟ್ಟಣದ ಹತ್ತಿರದ ಹಳ್ಳಿಯ ಪ್ರಮೀಳಾಗೆ ಈ ಒಂದು ಮಾತು ಎಷ್ಟು ದುಬಾರಿಯಾಗುತ್ತಿತ್ತು ಎನ್ನುವುದನ್ನು ಕೇಳಿ.

ಪ್ರಮೀಳಾಗೆ ಇಪ್ಪತ್ತಾರು ವರ್ಷ. ಮೈನೆರೆದ ಮೇಲೆ ಅವಳ ಬಲ ಎದೆ ಬೆಳೆಯಿತು, ಎಡಗಡೆ ಬೆಳೆಯಲೇ ಇಲ್ಲ. ಅಂದಿನಿಂದ ರವಿಕೆಯೊಳಗೆ ಬಟ್ಟೆ ಮಡಿಸಿಟ್ಟುಕೊಂಡೇ ಓಡಾಡುತ್ತಿದ್ದಳು. ಬಗ್ಗಿದರೆ ಎಲ್ಲಿ ಜಾರಿ ಬೀಳುತ್ತದೋ ಎಂಬ ಭಯ. ಗಂಡ ವಸಂತ್ ಒಳ್ಳೆಯವನು, "ನಂಗೇನೂ ಬೇಜಾರಿಲ್ಲ ಕಣೆ" ಅಂದಿದ್ದ. ಬೇಜಾರಿದ್ದದ್ದು ಅವಳಿಗೆ. ಊರಿಗೆ ಬರುವ ನರ್ಸಮ್ಮ ವಿಮಲಮ್ಮನ ಬಳಿ ಒಮ್ಮೆ ಅತ್ತುಬಿಟ್ಟಳು. ಇದಕ್ಕೆ ಮೈಸೂರಿನಲ್ಲಿ ಆಪರೇಶನ್ ಇದೆ ಎಂದು ಆಕೆಯೇ ಹೇಳಿದ್ದು. ತವರಿನವರು ಕೊಟ್ಟ ಸರ ಮಾರಿ ಪ್ರಮೀಳಾ ಡಾಕ್ಟರ ಬಾಗಿಲಿಗೆ ಹೋದಳು.

ಎದೆ ತುಂಬಿ ಕಾಣಲು ಒಳಗಿಡುವ ಸಿಲಿಕೋನ್ ಚೀಲವನ್ನು ಎದೆಯ ಮಾಂಸಖಂಡದ ಮೇಲೂ ಇಡಬಹುದು, ಅಡಿಗೂ ಇಡಬಹುದು ಎಂದರು ಡಾಕ್ಟರು. "ಏನು ಕೆಲಸ ಮಾಡ್ತೀರಮ್ಮ?"

"ಮನೇಲೇ ಇರ್ತಾಳೆ ಸಾರ್, ಏನೂ ಕೆಲ್ಸ ಇಲ್ಲ," ಎಂದ ವಸಂತ್. ಪ್ರಮೀಳಾ ನೆಲ ನೋಡುತ್ತ ಹೂಂಗುಟ್ಟಿದಳು.

"ಹಾಗಾದ್ರೆ ಅಡಿಗೇ ಇಡೋಣ. ಚೀಲದ ಅಂಚು ಕಾಣಿಸಲ್ಲ. ಹಗುರವಾದ ಮನೆಗೆಲಸ ಬೇಗ ಶುರು ಮಾಡಬಹುದು."

ಕಾಗದಕ್ಕೆ ಸಹಿಯೂ ಬಿತ್ತು. ಸೋಮವಾರ ಆಪರೇಶನ್. ಅದು ಆಗಸ್ಟ್ ತಿಂಗಳು, ಬ್ಯಾರನ್ ಎಂಬ ಎತ್ತರದ ಮನೆಯೊಳಗೆ ಶಾಖ ಕೊಟ್ಟು ಹೊಗೆಸೊಪ್ಪು ಬೇಯಿಸುವ ಕಾಲ. ಬೇಗ ಕೆಲಸ ಶುರು ಮಾಡಬಹುದಂತೆ ಎಂದು ಕೇಳಿದ ಅತ್ತೆ ಚಿಕ್ಕಸಿದ್ದಮ್ಮ, ಇನ್ನೊಂದು ಸಲ ಬ್ಯಾರನ್ ತುಂಬುವ ಹೊತ್ತಿಗೆ ಸೊಸೆ ಬಂದುಬಿಡುತ್ತಾಳೆ ಎಂದು ಲೆಕ್ಕ ಹಾಕಿಕೊಂಡಳು.

ಶನಿವಾರ ವಿಮಲಮ್ಮ ಲಸಿಕೆ ಡಬ್ಬ ಹಿಡಿದು ಬಂದಾಗ ಮನೆಯವರೆಲ್ಲ ಬ್ಯಾರನ್ನಿನಲ್ಲಿದ್ದರು. ವಸಂತ್ ಮೇಲೆ, ಕಡ್ಡಿ ನೇತುಹಾಕುವ ಅಡ್ಡ ಗಳುಗಳ ನಡುವೆ ಕಾಲು ಕೊಟ್ಟು ನಿಂತಿದ್ದ. ಹಸಿ ಸೊಪ್ಪು ಕಟ್ಟಿದ ಕಡ್ಡಿಗಳನ್ನು ಪ್ರಮೀಳಾ ಅವುಚಿ ತಂದು, ಒಂದೊಂದನ್ನೇ ತಲೆಗಿಂತ ಎತ್ತರಕ್ಕೆ ಎತ್ತಿ ಕೊಡುತ್ತಿದ್ದಳು. ಒಂದು ಬ್ಯಾರನ್ನಿಗೆ ಐನೂರಕ್ಕೂ ಮೇಲೆ ಕಡ್ಡಿ.

ವಿಮಲಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. "ಪ್ರಮೀಳಾ, ಈ ಕೆಲ್ಸ ಮಾಡ್ತೀಯ ಅಂತ ಡಾಕ್ಟ್ರಿಗೆ ಹೇಳಿದ್ದೀಯ ತಾನೆ?"

ಉತ್ತರ ಬಂದದ್ದು ಅತ್ತೆಯಿಂದ. "ಅದ್ಯಾಕವ್ವ ಯೋಳ್ಬೇಕು? ನಾವೇನ್ ಕೂಲಿನೋರಾ? ನಮ್ ಸೊಸೆ ಸೊಪ್ ಎತ್ತಾಳೆ ಅಂತ ಮೈಸೂರ್ ತಂಕ ಡಂಗೂರ ಹೊಡೀಬೇಕಾ?"

"ಚೀಲ ಎಲ್ಲಿಡ್ತಾರಂತೆ? ಮೇಲೋ, ಅಡೀಗೋ?"

"ಅಡೀಗೆ," ಎಂದಳು ಪ್ರಮೀಳಾ ಮೆಲ್ಲಗೆ.

"ಚಿಕ್ಕಸಿದ್ದಮ್ಮ, ನೀವೇ ಬನ್ನಿ ಇಲ್ಲಿ. ಈ ಕಡ್ಡಿ ಹೊರೆ ಎಡಗೈಲಿ ಬಲವಾಗಿ ಅವುಚ್ಕಳಿ. ಬಲಗೈ ಎದೆ ಮೇಲಿಟ್ಟು ನೋಡಿ."

ಚಿಕ್ಕಸಿದ್ದಮ್ಮ ಗೊಣಗುತ್ತಲೇ ಅವುಚಿಕೊಂಡಳು. ಮುಖ ಬದಲಾಯಿತು. "ಗಟ್ಟಿ ಆಯ್ತದೆ ಕಣವ್ವ."

"ಅದೇ ಮಾಂಸಖಂಡ. ಚೀಲ ಅದರಡೀಗಿದ್ರೆ, ಅವುಚಿದಾಗೆಲ್ಲ ಅದು ಚೀಲನ ಒತ್ತುತ್ತೆ. ಐನೂರು ಸಲ! ದಿನ ಹೋದಂಗೆ ಚೀಲ ಪಕ್ಕಕ್ಕೆ ಸರೀಬೌದು. ಗಾಯ ಹಸಿ ಇರೋವಾಗ್ಲೇ ಭಾರ ಎತ್ತಿದ್ರೆ ಒಳಗೇ ರಕ್ತ ತುಂಬ್ಕಬೌದು. ಆಗ ಮತ್ತೆ ಕುಯ್ಯಬೇಕು."

"ಅಂಗಾರೆ ಮೇಲೇ ಇಕ್ಕಿ ಅಂತ ನೀನೇ ಬರ್ಕೊಡು."

"ನಾನು ಡಾಕ್ಟ್ರಲ್ಲ. ನಾಕು ವರ್ಷ ಆಪರೇಶನ್ ವಾರ್ಡಲ್ಲಿದ್ದೆ, ಅಷ್ಟೇ. ಮೇಲಿಟ್ರೂ ತೊಂದ್ರೆ ಇಲ್ದೇ ಇಲ್ಲ. ಸಣಕಲು ಮೈಯಾದ್ರೆ ಅಂಚು ಕಾಣ್ತದೆ. ಚೀಲದ ಸುತ್ತ ಗಟ್ಟಿಯಾಗೋದೂ ಸ್ವಲ್ಪ ಜಾಸ್ತಿ. ಯಾವ್ದು ಸರಿ ಅಂತ ಅವ್ರು ಮೈ ನೋಡಿ ಹೇಳ್ಬೇಕು. ನೀವು ಸುಳ್ಳು ಹೇಳಿದ್ರೆ ಅವ್ರೇನ್ ಮಾಡ್ತಾರೆ?"

"ಸುಳ್ಳೇನ್ ಯೋಳಿದ್ವಿ ನರ್ಸಮ್ಮ?" ವಸಂತ್ ಮೇಲಿನಿಂದಲೇ ಕೇಳಿದ. ಪಾಪ, ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಗಂಡಸು ಮೇಲೆ ನಿಂತು ಕಡ್ಡಿ ಜೋಡಿಸಿದರೆ ಕೆಲಸ, ಹೆಂಗಸು ಕೆಳಗಿನಿಂದ ಎತ್ತಿ ಕೊಟ್ಟರೆ ಅದಕ್ಕೆ ಹೆಸರೇ ಇಲ್ಲ.

"ಸೈನ್ ಆಕಿ ಆಗೋಗದೆ," ಎಂದಳು ಚಿಕ್ಕಸಿದ್ದಮ್ಮ. "ಈಗ ಮಾತು ತಿರುಗಿಸಿದ್ರೆ ಡಾಕ್ಟ್ರು ಸಿಟ್ಟಾಗಿ ಓಡಿಸ್ತಾರೆ, ಅಷ್ಟೇಯ."

ಆ ಮಾತು ಪ್ರಮೀಳಾಳ ಎದೆಗೆ ನಾಟಿತು. ಓಡಿಸಿಬಿಟ್ಟರೆ? ಸರ ಮಾರಿಯಾಗಿದೆ. ಸಾಯುವ ತನಕ ಈ ಬಟ್ಟೆ ಮಡಿಸುವುದೇ ಗತಿಯಾದರೆ? ಹೇಳದೇ ಹೋದರೂ ಭಯ, ಹೇಳಿದರೂ ಭಯ.

ಸೋಮವಾರ ಬೆಳಿಗ್ಗೆ ಆಸ್ಪತ್ರೆಯ ಹಸಿರು ಬಟ್ಟೆ ತೊಡಿಸಿ ಕೂರಿಸಿದರು. ಡಾಕ್ಟರು ಎದೆಯ ಮೇಲೆ ಗುರುತು ಹಾಕಲು ಪೆನ್ನು ತೆಗೆದರು. "ಏನಾದ್ರೂ ಕೇಳೋದಿದೆಯಾ?"

"ಏನಿಲ್ಲ ಸಾರ್," ಎಂದ ವಸಂತ್, ಅಭ್ಯಾಸಬಲ.

ಪೆನ್ನು ಹತ್ತಿರ ಬಂತು. "ಇದೆ ಸಾರ್," ಎಂದಳು ಪ್ರಮೀಳಾ. "ನಾವು ಹೇಳಿದ್ದು ಸುಳ್ಳು." ಎರಡೂ ಅಂಗೈ ಚಾಚಿದಳು. ಹೊಗೆಸೊಪ್ಪಿನ ಅಂಟು ಹತ್ತಿ ಕಪ್ಪಾಗಿದ್ದವು, ಎಷ್ಟು ಉಜ್ಜಿದರೂ ಬಿಟ್ಟಿರಲಿಲ್ಲ. "ಸೊಪ್ಪು ಕೀಳ್ತೀನಿ, ಹೊರ್ತೀನಿ, ಬ್ಯಾರನ್ನಿಗೆ ಎತ್ತಿ ಕೊಡ್ತೀನಿ. ನೀರು ಸೇದ್ತೀನಿ. ಬರೋ ವಾರ ಮತ್ತೆ ಬ್ಯಾರನ್ ತುಂಬಬೇಕು."

ಡಾಕ್ಟರು ಪೆನ್ನು ಮುಚ್ಚಿದರು. "ಇವತ್ತು ಮಾಡಲ್ಲ."

ಓಡಿಸಿಯೇಬಿಟ್ಟರು ಎಂದುಕೊಂಡಳು ಪ್ರಮೀಳಾ. ಆದರೆ ಅವರು ಓಡಿಸಲಿಲ್ಲ, ಸ್ಟೂಲು ಎಳೆದುಕೊಂಡು ಕೂತರು. ಎದೆಯ ಮೇಲ್ಭಾಗದ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. "ಚೀಲ ಮುಚ್ಚೋಷ್ಟು ಕೊಬ್ಬು ಇದೆ. ನಿಮಗೆ ಮೇಲೂ ಇಡಬಹುದು. ಕೈ ಆಡಿಸಿದಾಗ ಜರುಗಲ್ಲ, ನೋವೂ ಕಡಿಮೆ. ಆದ್ರೆ ಅಂಚು ಕೈಗೆ ಸಿಗಬಹುದು, ಮುಂದೆ ಗಟ್ಟಿಯಾಗಬಹುದು. ಅಡಿಗೆ ಇಟ್ರೆ ನೋಡೋಕೆ ಚೆಂದ, ನಿಮ್ಮ ಕೆಲಸಕ್ಕೆ ತೊಡಕು. ಎಲ್ಲಿಟ್ರೂ ಜೀವಮಾನಕ್ಕೆಲ್ಲ ಅದೇ ಚೀಲ ಬಾಳುತ್ತೆ ಅಂತಿಲ್ಲ, ಮುಂದೆ ಬದಲಿಸಬೇಕಾಗಬಹುದು. ತೋರಿಸ್ಕೊಳ್ತಾ ಇರಬೇಕು. ಎಲ್ಲಿಟ್ರೂ ಆರು ವಾರ ಭಾರ ಎತ್ತಬಾರದು."

"ಮಕ್ಕಳಿಗೆ ಹಾಲು, ಸಾರ್?"

"ಸಾಮಾನ್ಯವಾಗಿ ಕುಡಿಸಬಹುದು. ಖಂಡಿತ ಅಂತ ಹೇಳೋಕಾಗಲ್ಲ."

ಪ್ರಮೀಳಾ ಗಂಡನ ಮುಖ ನೋಡಲಿಲ್ಲ. "ಅಂಚು ಸಿಕ್ಕಿದ್ರೆ ಸಿಕ್ಲಿ ಸಾರ್, ಅದು ನಂಗೊಬ್ಬಳಿಗೆ ಗೊತ್ತಾಗೋದು. ನನ್ ಕೈ ಆಡ್ಬೇಕು. ಮೇಲೇ ಇಡಿ. ಬ್ಯಾರನ್ ಮುಗಿದ ಮೇಲೆ ಬತ್ತೀನಿ."

ದೀಪಾವಳಿ ಕಳೆದ ಮೇಲೆ ಹೋದರು. ಈ ಸಲ ಅತ್ತೆಯೂ ಜೊತೆಗೆ ಬಂದಿದ್ದಳು. ಕೌಂಟರಿನ ಹುಡುಗಿ ಹೊಸ ಫಾರಂ ತೆಗೆದು, "ಪೇಷಂಟ್ ಏನು ಕೆಲಸ ಮಾಡ್ತಾರೆ?" ಎಂದು ಕೇಳಿದಳು.

ವಸಂತ್ ಬಾಯಿ ತೆರೆಯುವ ಮುಂಚೆ ಚಿಕ್ಕಸಿದ್ದಮ್ಮ ಅವನನ್ನು ಸರಿಸಿ ಮುಂದೆ ಬಂದಳು. "ಬರ್ಕೊಳವ್ವ. ಸೊಪ್ಪು ಕೀಳ್ತಾಳೆ. ಸೊಪ್ಪು ಕಟ್ತಾಳೆ. ಬ್ಯಾರನ್ನಿಗೆ ಎತ್ತಿ ಕೊಡ್ತಾಳೆ. ನೀರು ಸೇದ್ತಾಳೆ, ಸೌದೆ ಒಡೀತಾಳೆ, ಎರಡು ಎಮ್ಮೆ ಕರೀತಾಳೆ. ಇನ್ನಾರು ವಾರ ಅದ್ನೆಲ್ಲ ನಾನು, ನನ್ ಮಗ ಮಾಡ್ತೀವಿ. ಬರಿಯಾಕೆ ಜಾಗ ಸಾಲ್ದಿದ್ರೆ ಇನ್ನೊಂದ್ ಕಾಗ್ದ ತಗಾ."

ಅಕ್ಕತಂಗಿಯರೇ, ಇಂಥ ಆಪರೇಶನ್ ಮಾಡಿಸಿಕೊಳ್ಳಲೇಬೇಕು ಎಂದು ಯಾರೂ ನಿಮ್ಮನ್ನು ಒತ್ತಾಯಿಸುವಂತಿಲ್ಲ. ಬೇಕು ಎಂದು ನಿಮಗೇ ಅನ್ನಿಸಿದರೆ, ಅದನ್ನೇ ಓದಿದ ಡಾಕ್ಟರ ಬಳಿಗೇ ಹೋಗಿ. ಚೀಲ ಎಲ್ಲಿಡುತ್ತೀರಿ, ಅಲ್ಲೇ ಯಾಕೆ, ಮುಂದೆ ಏನಾಗಬಹುದು ಎಂದು ಕೇಳಿ ತಿಳಿದುಕೊಂಡ ಮೇಲೆ ಸಹಿ ಹಾಕಿ. ಸಹಿ ಹಾಕಿದ ಮೇಲೂ ಬಾಯಿ ಬಿಟ್ಟು ಹೇಳಬಹುದು. ಡಾಕ್ಟರು ನಿಮ್ಮ ಕೆಲಸ ಏನೆಂದು ಕೇಳಿದಾಗ, ಗಂಡನ ಮುಖ ನೋಡಬೇಡಿ. ಬೆಳಗಾಗೆದ್ದ ಹೊತ್ತಿನಿಂದ ಶುರು ಮಾಡಿ, ಒಂದನ್ನೂ ಬಿಡದೆ ಹೇಳಿ.