ಕೈ ಎತ್ತದ ಹರಾಜುಗಾರ

ತಣ್ಣಗಿದೆ, ಮಗಳು ಪುಡಿ ಕಲಸಿ ಸುರಿದ ಅಚ್ಚಿನ ಲೇಪ, ಹಣೆಯಿಂದ ಗಟ್ಟಿ ಗಂಜಿಯಂತೆ ಇಳಿಯುತ್ತಿದೆ, ರೆಪ್ಪೆಯ ಮೇಲೆ ಒಂದಿಷ್ಟು ನಿಂತಿತು, ಈಗ ಕೆನ್ನೆ, ಈಗ ತುಟಿ — ಮುಗಿಯಿತು, ಇನ್ನು ಬಾಯಿ ತೆರೆಯುವಂತಿಲ್ಲ, ಹಳೆಯ ಕುರ್ಚಿ ಕಪಾಟುಗಳಿಗೆ ಬೆಲೆ ಕೂಗಿ ಕೂಗಿ ಇಡೀ ಹರಾಜುಕಟ್ಟೆಯನ್ನು ತನ್ನತ್ತ ತಿರುಗಿಸಿಕೊಂಡ ಬಾಯಿ ಅದು, ಬೆಳಿಗ್ಗೆ ಹೊರಡುವಾಗ ಹೆಂಡತಿ ಬಾಗಿಲಿಗೆ ಒರಗಿ ನಕ್ಕಿದ್ದಳಲ್ಲ, ಇವರ ಬಾಯಿ ಮುಚ್ಚಿಸೋದು ಮದುವೆ ಆದಾಗಿನಿಂದ ನನ್ನ ಕೈಲಾಗಿಲ್ಲ, ನೀನು ಮುಚ್ಚಿಸಿ ತೋರಿಸು ಮಗಳೇ, ಪೂರ್ತಿ ಅಂಕ ನಾನೇ ಕೊಟ್ಟುಬಿಡ್ತೀನಿ. ಮುಚ್ಚಿಸಿಯೇಬಿಟ್ಟಳು. ಕಣ್ಣೂ ಹೋಯಿತು, ಹತ್ತಿ ತುರುಕಿದ ಕಿವಿಯೂ ಅರ್ಧ ಹೋಯಿತು, ಉಳಿದದ್ದು ಮೂಗಿನ ಎರಡು ತೂತು, ಒಳಗಿನ ಕತ್ತಲಲ್ಲಿ ಅವನಿಗೆ ಅವು ಬೀದಿಯ ತುದಿಯ ಎರಡು ದೀಪಗಳಂತೆ ತೋರಿದವು — ದೀಪ ಅನ್ನುವುದೂ ಅವಳಿಂದಲೇ ಹತ್ತಿದ ಗೀಳು, ಮೇಕಪ್ ಕಾಲೇಜಿನ ಕೊನೆಯ ಪರೀಕ್ಷೆಗೆ ಅಪ್ಪನನ್ನು ನೂರೈವತ್ತು ವರ್ಷ ಹಿಂದಿನ ಬೀದಿದೀಪ ಹಚ್ಚುವವನನ್ನಾಗಿ ಮಾಡುತ್ತಾಳಂತೆ, ಈ ಅಚ್ಚಿನಿಂದ ಅವನದೇ ಮುಖದ ಪ್ರತಿಮೆ, ಅದರ ಮೇಲೆ ರಬ್ಬರಿನ ಮುದಿ ಚರ್ಮ, ಆ ಚರ್ಮ ಮತ್ತೆ ಅವನ ಮುಖಕ್ಕೇ. ಮಸಿ ಬಳಿದರೆ ಸಾಲದೇನೇ ಎಂದಿದ್ದ, ಅಯ್ಯೋ ಅಪ್ಪಾ, ಅವನು ದಿನಾ ಕತ್ತೆತ್ತಿ ದೀಪ ನೋಡ್ತಿದ್ದ ಅಲ್ವಾ, ಮಸಿ ಹಣೆ ಗೆರೆಲಿ ಕೂತಿರುತ್ತೆ, ಗಲ್ಲದ ಕೆಳಗಡೆ ಕೂತಿರುತ್ತೆ, ಕಣ್ಣು ಕಿರಿದು ಮಾಡ್ತಾನಲ್ಲ, ಆ ಗೆರೆಯೊಳಗೆ ಮಾತ್ರ ಚರ್ಮ ಬೆಳ್ಳಗೆ ಉಳಿದಿರುತ್ತೆ, ಬಲಗೈಲಿ ದೀಪ ಹಚ್ಚೋ ಕೋಲು ಹಿಡಿಯೋದ್ರಿಂದ ಬಲಗಡೆ ಹುಬ್ಬು ಸುಟ್ಟಿರುತ್ತೆ, ಎಡಗಡೇದು ಸುಟ್ಟಿರಲ್ಲ — ಎಂದೋ ಮಣ್ಣಾಗಿ ಹೋದ ಒಬ್ಬನ ಒಂದು ಹುಬ್ಬಿನ ಬಗ್ಗೆ ಇಷ್ಟು ಚಿಂತೆ! ಮರ ಮುಟ್ಟಿ ವಯಸ್ಸು ಹೇಳುವ ತನಗೂ ಆ ಬೆಳ್ಳನೆಯ ಗೆರೆ ಹೊಳೆದಿರಲಿಲ್ಲ, ಎಲ್ಲಿ ಕಲಿತಳು ಇವಳು ಹೀಗೆ ನೋಡುವುದನ್ನು.

ಮುಖ ಬಿಗಿಯುತ್ತಿದೆ, ಮೇಲೆ ಒದ್ದೆ ಪ್ಲಾಸ್ಟರ್ ಬಟ್ಟೆಯ ಪಟ್ಟಿಗಳು ಬೀಳುತ್ತಿವೆ, ಹಣೆಗೊಂದು, ಮೂಗಿನ ಉದ್ದಕ್ಕೊಂದು, ಬೆರಳುಗಳು ಅವಸರವಿಲ್ಲದೆ ಒತ್ತಿ ಸವರಿ ಹೋಗುತ್ತಿವೆ, ಮುಂದಿನ ಪಟ್ಟಿ ನೆನೆಸಲು ಕೋಣೆಯ ಆಚೆ ತುದಿಗೆ ನಡೆದಳು, ನಲ್ಲಿ ಸುರಿಯುವ ಸದ್ದು — ಅಷ್ಟರಲ್ಲಿ ಏನೋ ಜಾರಿತು. ಮೂಗಿನ ಮೇಲಿನ ಪಟ್ಟಿಯಿಂದ ಸುಣ್ಣದ ನೀರಿನಂಥ ಹನಿ, ಬಲ ತೂತಿನ ಅಂಚಿಗೆ ಬಂದು ತೂಗಿತು, ಹೋಗು, ಆಚೆ ಹೋಗು, ಹೋಗಲಿಲ್ಲ, ಒಳಕ್ಕೇ ಬಂತು, ಒಂದು ದೀಪ ಆರಿತು. ಎಡ ತೂತೋ ಹುಟ್ಟಿನಿಂದಲೇ ಅರ್ಧ ಮುಚ್ಚಿದ್ದು, ಹೆಸರಿಗೆ ಮಾತ್ರ ಮೂಗು. ಉಸಿರು ಕಟ್ಟಿದ ಹಾಗೆ ಅನ್ನಿಸಿದ್ರೆ ಬಲಗೈ ಎತ್ತು ಅಪ್ಪಾ, ಆ ಕ್ಷಣಕ್ಕೇ ಕಿತ್ತು ಹಾಕ್ತೀನಿ, ಅಚ್ಚು ಹಾಳಾದ್ರೆ ಆಗಲಿ ಎಂದಿದ್ದಳು, ಆಗಲಿ ಅನ್ನುವಾಗ ದನಿ ಸಣ್ಣಗಾಗಿತ್ತು, ಅಪ್ಪನಿಗೆ ಕೇಳಿಸದೇ ಇರುತ್ತದೆಯೇ, ನಿನ್ನೆ ಬಾಡಿಗೆಗೆ ಬಂದ ನಟ ಮಹಾಶಯ ನಡುವೆ ನಕ್ಕು ಅಚ್ಚು ಸೀಳಿಸಿ ಹೋಗಿದ್ದಾನೆ, ಇದು ಉಳಿದ ಕೊನೆಯ ಪುಡಿ, ಪರೀಕ್ಷೆಗೆ ಮೊದಲು ಇನ್ನೊಂದು ಡಬ್ಬಿ ಎಲ್ಲೂ ಸಿಗುವುದಿಲ್ಲ. ಕೈ ಎತ್ತಿದರೆ ಗಾಳಿ, ಎತ್ತಿದರೆ ಅವಳ ವರ್ಷ ಹೋಯಿತು. ಜನ್ಮವೆಲ್ಲ ಮಂದಿಯ ಕೈ ಮೇಲೇಳುವುದನ್ನೇ ಕಾದವನು, ಬೆರಳು ಅಲುಗಿದರೂ ಬೆಲೆ ಏರಿಸಿದವನು, ಈಗ ತನ್ನದೇ ಬೆರಳು ಕುರ್ಚಿಯ ತೋಳಿನಿಂದ ಏಳುತ್ತಿದೆ, ಒಂದು ಸಾರಿ — ಇಳಿ, ಕೂರು ಅಲ್ಲೇ — ಎದೆಯಲ್ಲಿ ತಮಟೆ, ಎಡ ತೂತಿನಲ್ಲಿ ಸೀಟಿಯಂಥ ಸದ್ದು, ಈ ಸದ್ದು ಗೊತ್ತು, ಇದು ಅವಳ ಸದ್ದು, ಉಬ್ಬಸದ ಮಗು, ಚಳಿಗಾಲದ ಬೆಳಗು, ಬಿಸಿಲು ಬೀಳುವ ಮೆಟ್ಟಿಲ ಮೇಲೆ ತೊಡೆಗೆ ಹಾಕಿಕೊಂಡು ಅವಳ ಬೆನ್ನಿಗೆ ಕಿವಿಯಿಟ್ಟು ಕೂರುತ್ತಿದ್ದನಲ್ಲ, ಅಪ್ಪನ ಜೊತೆ ಉಸಿರು ಬಿಡು ಪುಟ್ಟಾ, ನಿಧಾನ, ನಮ್ಮನ್ನ ಯಾರೂ ಅಟ್ಟಿಸಿಕೊಂಡು ಬರ್ತಿಲ್ಲ — ಎರಡು ಸಾರಿ, ಉಳಿದ ದೀಪವೂ ಮಂಕಾಯಿತು, ಬೆರಳು ಮತ್ತೆ ಏಳುತ್ತಿದೆ, ಮೂರನೆಯದನ್ನು ಕೂಗಬೇಡ, ಕೂಗಬೇಡ —

ನಲ್ಲಿ ತಟ್ಟನೆ ನಿಂತಿತು. ಓಡಿ ಬರುವ ಚಪ್ಪಲಿ. ಬಲಗಡೇದು ಮುಚ್ಚಿಕೊಂಡಿದೆ ಅಲ್ವಾ ಅಪ್ಪಾ, ಅಲ್ಲಾಡಬೇಡ, ತೆಳ್ಳನೆಯ ಕಡ್ಡಿಯೊಂದು ತೂತಿನ ಅಂಚನ್ನು ಮುಟ್ಟಿತೋ ಇಲ್ಲವೋ, ಹನಿ ಹೊರಬಿತ್ತು, ಗಾಳಿ ನುಗ್ಗಿತು, ಅವಳ ಅಂಗೈ ಅವನ ಎದೆಯ ಮೇಲೆ, ನನ್ನ ಜೊತೆ ಬಿಡು, ನಿಧಾನ, ನಮ್ಮನ್ನ ಯಾರೂ ಅಟ್ಟಿಸಿಕೊಂಡು ಬರ್ತಿಲ್ಲ — ನೆನಪಿದೆಯೇ ಇವಳಿಗೆ, ಇವಳಿಗೆ ಅದು ನೆನಪಿದೆ, ರೆಪ್ಪೆಯೊಳಗೆ ಬಿಸಿಯಾಯಿತು, ಅಳುವಂತಿಲ್ಲ, ಅಚ್ಚು ಕೆಡುತ್ತದೆ. ಪ್ಲಾಸ್ಟರ್ ಬಿಸಿಯೇರಿತು, ಆರಿತು, ಒಳಗೊಳಗೇ ಮುಖ ಸೊಟ್ಟ ಮಾಡು ಎಂದಳು, ಮಾಡಿದ, ಅಚ್ಚು ಚರ್ಮದಿಂದ ಬಿಟ್ಟುಕೊಂಡಿತು, ಬೆಳಕು ಕಣ್ಣಿಗೆ ರಾಚಿತು. ಕೈ ಯಾಕೆ ಎತ್ತಲಿಲ್ಲ ಅಪ್ಪಾ ಎಂದು ಸಿಡುಕಿದಳು, ಎತ್ತಿದ್ರೆ ಬೆಲೆ ಏರಿಬಿಡುತ್ತಲ್ಲೇ, ನೀರು ಬಿಟ್ಟುಕೊಂಡು ಆ ಕಡೆ ತಿರುಗಿದ್ಯಲ್ಲ, ನಿನಗೆ ಹೇಗೆ ತಿಳೀತು ಎಂದ, ನಿನ್ನ ಉಸಿರಿನ ದನಿ ಬದಲಾಯ್ತಲ್ಲ, ಅಷ್ಟೂ ಕೇಳಿಸಲ್ವಾ ನಂಗೆ — ಹೇಳುತ್ತಲೇ ಅಚ್ಚನ್ನು ಎರಡೂ ಕೈಯಲ್ಲಿ ಎತ್ತಿ ಕಿಟಕಿಗೆ ಹಿಡಿದಳು, ಬಿರುಕಿಲ್ಲ, ಗುಳ್ಳೆಯಿಲ್ಲ, ಹುಬ್ಬಿನ ಕೂದಲ ಗುರುತೂ ಬಿಟ್ಟುಹೋಗಿಲ್ಲ, ಒಳಬಾಗಿದ ಅವನದೇ ಮುಖ, ಅವನು ಅತ್ತ ಸರಿದರೆ ಅದೂ ಅತ್ತ ತಿರುಗಿ ನೋಡುತ್ತದೆ, ಇದಕ್ಕೆ ಏನು ಬೆಲೆ ಕೂಗುವುದು, ಮುಖದ ನಡುವೆ ಅವಳು ಕಾಯ್ದುಕೊಟ್ಟ ಎರಡು ತೂತು, ಎರಡರಲ್ಲೂ ಕಿಟಕಿಯ ಬೆಳಕು, ದೀಪಗಳು ಹತ್ತಿವೆ, ಒಂದು, ಎರಡು, ಹತ್ತಿಯೇ ಇವೆ —