ದೀಪದ ಹೊತ್ತಿನ ಮಜ್ಜಿಗೆ

ಆಫೀಸಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ಬಾಗಿಲಲ್ಲಿ ನಿಂತು ನಾನು ಕೇಳುತ್ತಿದ್ದದ್ದು ಒಂದೇ ಮಾತು. "ಜ್ವರ ನೋಡೀರೇನ್ರಿ, ಅತ್ತಿ?"

"ನೀನ ನೋಡವಾ. ಆ ಕಡ್ಡಿ ಕುಂಯ್ ಅಂದ್ರ ನನ್ನ ಎದಿ ಝಲ್ ಅಂತದ," ಎನ್ನುವರು ಅತ್ತೆ ನಾಗವ್ವ.

ಮಗಳು ಸಾಯಲಿಗೆ ಕೀಮೋ ಶುರುವಾದಾಗ ಧಾರವಾಡದಿಂದ ಬಂದವರು ಇಲ್ಲೇ ನಮ್ಮ ಯೆರವಡಾದ ಮನೆಯಲ್ಲಿ ಉಳಿದಿದ್ದರು. ನನ್ನ ಗಂಡ ಮಹೇಶಕುಮಾರನಿಗೆ ರಾಂಜಣಗಾಂವದ ಕಂಪನಿಯಲ್ಲಿ ಶಿಫ್ಟು. ಹಗಲಿಡೀ ಮಗಳ ಜೊತೆ ಇರುತ್ತಿದ್ದವರು ಅತ್ತೆಯೇ.

ಕೂದಲು ಉದುರಿದ್ದು, ಅನ್ನದ ವಾಸನೆಗೇ ವಾಂತಿ, ನೀರು ನುಂಗಲೂ ಬಿಡದ ಬಾಯಿಹುಣ್ಣು, ಇವಕ್ಕೆಲ್ಲ ಹೇಗೋ ಹೊಂದಿಕೊಂಡಿದ್ದೆ. ಜ್ವರದ ಭಯಕ್ಕೆ ಮಾತ್ರ ಹೊಂದಿಕೊಳ್ಳಲಾಗಲಿಲ್ಲ. ಕೀಮೋ ಆದ ಮೇಲೆ ಕೆಲವು ದಿನ ಮೈಯಲ್ಲಿ ಬಿಳಿ ರಕ್ತಕಣಗಳೇ ಉಳಿದಿರುವುದಿಲ್ಲ, ಆಗ ಜ್ವರ ನೂರು ದಾಟಿದರೆ ಗುಳಿಗೆ ಕೊಟ್ಟು ಕಾಯುತ್ತ ಕೂರಬೇಡಿ, ಎದ್ದು ಬನ್ನಿ, ತಡವಾದರೆ ನಮ್ಮ ಕೈಯಲ್ಲೂ ಇರುವುದಿಲ್ಲ ಎಂದಿದ್ದರು ಡಾಕ್ಟರು. ಆ ಕೊನೆಯ ಮಾತು ನನ್ನ ಜೊತೆ ಆಫೀಸಿಗೂ ಬರುತ್ತಿತ್ತು.

ಅವತ್ತು ಬಂದಾಗ ಅತ್ತೆ ದೇವರ ಮುಂದೆ ದೀಪ ಹಚ್ಚುತ್ತಿದ್ದರು. ಸಾಯಲಿ ಸೋಫಾದಲ್ಲಿ ಶಾಲು ಹೊದ್ದು ಕೂತಿದ್ದಳು. ಹಣೆಯ ಮೇಲೆ ಆಗಷ್ಟೇ ಹಚ್ಚಿದ ಹಸಿ ವಿಭೂತಿ. ಕೈಯಿಟ್ಟೆ, ತಣ್ಣಗಿತ್ತು. ನಾಲಿಗೆಯ ಕೆಳಗೆ ಥರ್ಮಾಮೀಟರ್ ಇಟ್ಟೆ. ತೊಂಬತ್ತಾರು ಚಿಲ್ಲರೆ ತೋರಿಸಿತು. ಉಸಿರು ಬಿಟ್ಟೆ.

"ಪಾಸ್ ಆದ್ನಿ?" ಎಂದಳು ಸಾಯಲಿ.

"ಫಸ್ಟ್ ಕ್ಲಾಸ್."

"ಹಂಗಾರ ಅಜ್ಜಿ, ನಿನ್ನ ತುರುಬು ನನಗ ಬಹುಮಾನ ಕೊಡು."

"ತಗೋವಾ, ಕಟ್ಟಿಕೋ. ಅದರಾಗ ಅರ್ಧ ಚೌರಿನ ಅದ," ಎಂದರು ಅತ್ತೆ. ಎಂದಿನ ಹಾಗೆ ನಗಲಿಲ್ಲ.

ತಲೆಗೆ ಕಟ್ಟಿದ ಬಟ್ಟೆ ಸಡಿಲಾಗಿತ್ತು. ಬಿಗಿಯಾಗಿ ಕಟ್ಟೋಣವೆಂದು ಹಿಂದೆ ಕೈ ಹಾಕಿದೆ. ಕುತ್ತಿಗೆಗೆ ಬೆರಳು ತಗುಲಿದ್ದೇ ಕಾದ ಹಂಚು ಮುಟ್ಟಿದಂತಾಯಿತು. ಏಪ್ರಿಲ್ ತಿಂಗಳು, ಫ್ಯಾನ್ ಕೂಡ ಬಿಸಿ ಗಾಳಿಯನ್ನೇ ಬೀಸುತ್ತಿತ್ತು. ಶಾಲಿನೊಳಗೆ ಮಗಳು ನಡುಗುತ್ತಿದ್ದಳು.

ಸೋಫಾದ ಕಾಲಿನ ಹತ್ತಿರ ಒಂದು ಸ್ಟೀಲ್ ಲೋಟ. ತಳದಲ್ಲಿ ಎರಡು ಗುಟುಕು ಮಜ್ಜಿಗೆ, ಹೊರಮೈಯಲ್ಲಿ ಇನ್ನೂ ಫ್ರಿಜ್ಜಿನ ಬೆವರು.

"ಯಾವಾಗ ಕುಡದೀ ಇದನ್ನ?"

ಸಾಯಲಿ ಅಜ್ಜಿಯನ್ನು ನೋಡಿದಳು. ಅಜ್ಜಿ ದೀಪವನ್ನು ನೋಡಿದರು.

"ಅತ್ತಿ, ನಿಮಗ ಕೇಳಾಕತ್ತೀನ್ರಿ."

"ನಿನ್ನ ಗಾಡಿ ಸಪ್ಪಳ ಕೇಳಿದ ಕೂಡಲೇ ಕೊಟ್ಟೆ. ಬಾಯಿಹುಣ್ಣಿಗೆ ತಂಪಂತ ಮೊದಲು ಕೊಡ್ತಿದ್ದೆ. ಅದು ಕುಡದ ಮ್ಯಾಲೆ ಕಡ್ಡಿ ಕಡಿಮಿ ತೋರಸ್ತದಂತ ನಿನ್ನೆ ಈಕೀನ ಕಂಡುಹಿಡದ್ಲು. ಉಷ್ಣ ಅದವಾ ಮೈಯಾಗ. ತಂಪು ಮಾಡಿದ್ರ ಇಳೀತದ ಅಂದ್ಕೊಂಡ್ನಿ. ಆ ದವಾಖಾನಿಗೆ ಹೋಗಿ ಬಂದಾಗೊಮ್ಮೆ ಕೂಸು ಅರ್ಧ ಆಗಿ ಬರ್ತದ."

ನಿನ್ನೆ. ಹಾಗಾದರೆ ಜ್ವರ ನಿನ್ನೆಯಿಂದಲೇ ಇತ್ತು. ನಿನ್ನೆಯೂ ನಾನು ಉಸಿರು ಬಿಟ್ಟು, ಊಟ ಮಾಡಿ, ಮಲಗಿ ನಿದ್ದೆ ಮಾಡಿದ್ದೆ. ಕಂಕುಳಲ್ಲಿ ಥರ್ಮಾಮೀಟರ್ ಇಡಲು ಹೋದೆ. ಸಾಯಲಿ ತೋಳನ್ನು ಮೈಗೆ ಒತ್ತಿ ಹಿಡಿದಳು.

"ಬ್ಯಾಡ ಮಮ್ಮಿ. ನಾಳೆ ಹೋಗೋಣು. ನಾಳೆ ಇಳೀತದ."

"ಸಾಯಲಿ, ಕೈ ಎತ್ತು."

"ವಿನೀತಾನೂ ಜ್ವರ ಅಂತನ ಹೋಗಿದ್ಲು!"

ಕಳೆದ ಸಲ ಪಕ್ಕದ ಹಾಸಿಗೆಯಲ್ಲಿದ್ದ ಹುಡುಗಿ ವಿನೀತಾ. ಇಬ್ಬರೂ ಉಗುರಿಗೆ ಬಣ್ಣ ಹಚ್ಚಿಕೊಂಡು ನರ್ಸುಗಳಿಂದ ಬೈಸಿಕೊಂಡಿದ್ದರು. ಒಂದು ಸಂಜೆ ಅವಳನ್ನು ಬೇರೆ ವಾರ್ಡಿಗೆ ಒಯ್ದರು, ಮರಳಿ ಬರಲಿಲ್ಲ. ಮನೆಗೆ ಹೋದಳು ಎಂದು ನಾನು ಸಾಯಲಿಗೆ ಹೇಳಿದ್ದೆ. ಅವಳು ನಂಬಿರಲಿಲ್ಲ.

"ಆಕಿ ತಡಮಾಡಿ ಬಂದ್ಲು," ಎಂದೆ. ಅದು ನಿಜವೋ ಅಲ್ಲವೋ ನನಗೆ ಗೊತ್ತಿರಲಿಲ್ಲ. "ನನಗೂ ಹೆದರಿಕಿ ಅದ. ನಿನಗಿಂತ ಭಾಳ ಅದ. ನೀ ಕೈ ಎತ್ತದಿದ್ರೂ ಹೊತ್ಕೊಂಡು ಒಯ್ತೀನಿ."

ಅವಳು ಎತ್ತಲಿಲ್ಲ. ನಾನೂ ಕಾಯಲಿಲ್ಲ. ಶಾಲಿನ ಸಮೇತ ಎತ್ತಿಕೊಂಡೆ. ಹನ್ನೆರಡರ ಹುಡುಗಿ ಇಷ್ಟು ಹಗುರವಿರಬಾರದು. ಅತ್ತೆ ಬರಿಗಾಲಲ್ಲೇ ನಮಗಿಂತ ಮುಂದೆ ಓಡಿ ರಸ್ತೆಗೆ ಅಡ್ಡ ನಿಂತು ರಿಕ್ಷಾ ತಡೆದರು. "ಭೈಯಾ, ಲವಕರ್ ಚಲೋ!" ಎಂದು ತಮಗೆ ಬಂದಷ್ಟು ಮರಾಠಿ, ಹಿಂದಿ ಎರಡನ್ನೂ ಕಲಸಿ ಕೂಗಿದರು.

ದಾರಿಯುದ್ದಕ್ಕೂ ಅವರು ಸಾಯಲಿಯ ಅಂಗಾಲನ್ನು ಮಡಿಲಲ್ಲಿ ಹಿಡಿದುಕೊಂಡಿದ್ದರು. "ನಾ ಕೊಡಬಾರದಿತ್ತು, ರಂಜನಾ," ಎಂದರು ಒಮ್ಮೆ. ಸಿಗ್ನಲ್ಲಿನ ಕೆಂಪು ದೀಪದ ಮುಂದೆ ನಿಂತಾಗ ಮಗಳ ಉಸಿರನ್ನು ಕಿವಿಗೊಟ್ಟು ಕೇಳಿದೆ. ಜೋರಾಗಿ, ಚುಟುಕಾಗಿ ಬರುತ್ತಿತ್ತು.

ಆಸ್ಪತ್ರೆಯಲ್ಲಿ ನರ್ಸು, "ತಾಪ ಕಧೀಪಾಸೂನ್?" ಎಂದು ಕೇಳಿದಳು, ಜ್ವರ ಯಾವಾಗಿನಿಂದ ಎಂದು. ನಾನು ಅತ್ತೆಯ ಕಡೆ ನೋಡಿದೆ.

"ಕಾಲ್‌ಪಾಸೂನ್," ಎಂದಳು ಸಾಯಲಿಯೇ. ನಿನ್ನೆಯಿಂದ. "ಮೀ ಲಪವಲಂ." ನಾನೇ ಮುಚ್ಚಿಟ್ಟೆ.

ನರ್ಸು ಬೈಯಲಿಲ್ಲ. ಅದೇ ನನ್ನನ್ನು ಇನ್ನಷ್ಟು ಹೆದರಿಸಿತು. ಅವಳು ಡಾಕ್ಟರನ್ನು ಕೂಗುತ್ತಲೇ ಥರ್ಮಾಮೀಟರ್ ಹಿಡಿದು ಬಂದಳು. ಸಾಯಲಿ ಪಕ್ಕದ ಖಾಲಿ ಹಾಸಿಗೆಯನ್ನು ಒಮ್ಮೆ ನೋಡಿದಳು. ಆಮೇಲೆ ನನ್ನತ್ತ ತಿರುಗಿ ತೋಳನ್ನು ತಾನಾಗಿಯೇ ಮೇಲೆತ್ತಿದಳು.