ಒಲೆಯ ಹಿಂದಿನ ಗೋಡೆ

ಮನೆ ಕಟ್ಟಿ ಮುಗಿಯುವತನಕ ಅಲ್ಲಿ ಎಲ್ಲಿ ಬೇಕಾದರೂ ಒಲೆ ಹೂಡಬಹುದು, ಅಡುಗೆಮನೆಯಲ್ಲಿ ಮಾತ್ರ ಕೂಡದು. ವಿಜಯನಗರದಲ್ಲಿ ಸೈಟು ಸಿಕ್ಕವರೆಲ್ಲ ಗಾರೆಯಾಳುಗಳಿಗೆ ಮೊದಲು ಹೇಳುತ್ತಿದ್ದ ಮಾತು ಇದು. ಪಾಪಮ್ಮ ಆವರೆಗೆ ಹದಿಮೂರು ಮನೆಗಳಿಗೆ ಗಾರೆ ಹೊತ್ತಿದ್ದಳು. ನಡುಮನೆಗಳಲ್ಲಿ ಮುದ್ದೆ ತಿರುವಿದ್ದಳು, ಮಲಗುವ ಕೋಣೆಗಳಲ್ಲಿ ಹುರುಳಿ ಸಾರು ಕುದಿಸಿದ್ದಳು, ಮುಂದೆ ದೇವರು ಬಂದು ಕೂರಲಿರುವ ಗೂಡಿನಲ್ಲಿ ಉಪ್ಪಿನ ಡಬ್ಬಿ ಇಟ್ಟಿದ್ದಳು. ಅಡುಗೆಮನೆಯಲ್ಲಿ ಬೆಂಕಿಕಡ್ಡಿ ಕೂಡ ಗೀರಿದವಳಲ್ಲ. ಮೊದಲ ಬೆಂಕಿ ಮನೆಯವರದು.

ಹದಿನಾಲ್ಕನೆಯದು ಗಂಗಾಧರಯ್ಯನವರ ಮನೆ, ಅತ್ತಿಗುಪ್ಪೆಯ ಕಡೆಗೆ. ಎಪ್ಪತ್ತಾರನೇ ಇಸವಿಯ ಬೇಸಿಗೆ. ಎಲ್ಲ ಮುಗಿದು ಒಲೆಕಟ್ಟೆಯ ಹಿಂದಿನ ಗೋಡೆಯೊಂದು ಉಳಿದಿತ್ತು. ಅದಕ್ಕೆ ಏನು ಹಾಕಿಸುವುದೆಂದು ಮನೆಮಂದಿಯೆಲ್ಲ ಒಂದು ಭಾನುವಾರ ಬಂದು ನಿಂತರು. ಗಂಗಾಧರಯ್ಯನವರಿಗೆ ಕಡಪ ಕಲ್ಲು ಬೇಕಾಗಿತ್ತು. ಕರೀದು, ಮಸಿ ಹತ್ತಿದರೂ ತಿಳಿಯುವುದಿಲ್ಲ ಎಂದರು. ಅವರ ತಾಯಿ ಶಿವಕ್ಕ, ಗೋಡೆಗೇನು ಮದುವೆಯೇ, ಒಂದು ಕೈ ಎಣ್ಣೆ ಬಣ್ಣ ಬಳಿದರೆ ಸಾಕೆಂದರು. ಮೇಸ್ತ್ರಿ ಮುನಿರಾಮಯ್ಯ ಹೊಳೆಯುವ ಬಿಳಿ ಟೈಲು ಒಂದನ್ನು ಚೀಲದಿಂದ ತೆಗೆದು ಎಲ್ಲರ ಕೈಗೂ ಕೊಟ್ಟ. ಆ ಒಲೆಯ ಮುಂದೆ ನಿಲ್ಲಬೇಕಾದ, ಗಂಗಾಧರಯ್ಯನವರ ಹೆಂಡತಿ ಕಲ್ಯಾಣಮ್ಮನವರನ್ನು ಯಾರೂ ಕೇಳಲಿಲ್ಲ. ಅವರು ಸುತ್ತ ನೋಡಿ, ಬಾಂಡಲಿ ಹಿಡಿದು ನಿಂತಿದ್ದ ಪಾಪಮ್ಮನನ್ನು ಕೇಳಿದರು.

"ಅಡುಗೆಮನೆ ಇಲ್ದೋಳನ್ನ ಕೇಳ್ತೀರಲ್ಲ ಅಮ್ಮಾ," ಎಂದು ಮುನಿರಾಮಯ್ಯ ನಕ್ಕ.

ಇಲ್ಲದ್ದಕ್ಕೇ ಪಾಪಮ್ಮ ಅದನ್ನು ಬಹಳ ಯೋಚಿಸಿದ್ದಳು. ಸುಂಕದಕಟ್ಟೆಯಾಚೆ ಅವಳ ಗುಡಿಸಲಲ್ಲಿ ಒಲೆಯ ಹಿಂದೆ ಗೋಣಿತಾಟು. ಬೆಂಕಿ ಅದರೆದುರು ಕುರುಡಿಯಂತೆ ಉರಿಯುತ್ತಿತ್ತು.

"ಬಿಳೀದು ಹಾಕ್ಸಿ ಅಮ್ಮಾ. ಈ ಕಿಟಕಿಗೆ ಬಿಸಿಲು ಬೀಳಲ್ಲ, ಕರೀದು ಹಾಕಿದ್ರೆ ಹಗಲೊತ್ತೇ ಕತ್ಲಾಯ್ತದೆ. ಬಿಳೀದ್ರಲ್ಲಿ ಒಲೆ ಬೆಂಕಿ ಕಾಣ್ತದೆ. ಒಂದು ಬೆಂಕಿ ಹಚ್ಚಿದ್ರೆ ಎರಡು."

ರಾಜಾಜಿನಗರದ ಬಾಡಿಗೆ ಮನೆಯಲ್ಲಿ ಹದಿನೆಂಟು ವರ್ಷ ಹಗಲೇ ದೀಪ ಹಾಕಿಕೊಂಡು ಅಡುಗೆ ಮಾಡಿದ ಕಲ್ಯಾಣಮ್ಮ ಟೈಲನ್ನು ಗೋಡೆಗೆ ಒತ್ತಿ ಹಿಡಿದರು. ಇದೇ ಇರಲಿ ಎಂದರು. ಹೋಗುವಾಗ ಪಾಪಮ್ಮನ ಹತ್ತಿರ ಬಂದು, "ಹಾಲುಕ್ಕಿಸೋ ದಿವಸ ಬಾರೇ, ನೀನೇ ನೋಡುವಿಯಂತೆ," ಎಂದರು.

ಆ ಮಾತನ್ನು ಪಾಪಮ್ಮ ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಟೈಲುಗಳನ್ನು ಬಾನಿಯ ನೀರಿಗೆ ಒಂದೊಂದೇ ಬಿಟ್ಟಳು. ಅವು ಸುಂಯ್ ಎಂದು ನೀರು ಕುಡಿದವು. ಮುನಿರಾಮಯ್ಯ ದಾರ ಕಟ್ಟಿ ಕೂರಿಸುತ್ತ ಹೋದ. ಸಂದು ತುಂಬುವುದು ಅವಳ ಕೆಲಸ. ಬಿಳಿ ಸಿಮೆಂಟನ್ನು ಬೆರಳಲ್ಲೇ ಒತ್ತಬೇಕು, ಬಟ್ಟೆಯಲ್ಲಿ ಒರೆಸಬೇಕು. ಮೂರನೇ ದಿನ ಬೆರಳ ತುದಿಯ ತೊಗಲು ಸುಲಿದು, ಉಪ್ಪು ಮುಟ್ಟಿದರೆ ಉರಿಯುತ್ತಿತ್ತು. ಆದರೂ ಕೈ ನಿಲ್ಲಿಸಲಿಲ್ಲ. ಈ ಮನೆಗೆ ಬರುವುದು ಗ್ಯಾಸಿನ ಒಲೆ, ಅದರ ಬೆಂಕಿ ನೀಲಿಯಂತೆ. ಬಿಳಿಯ ಮೇಲೆ ಆ ನೀಲಿ ಹೇಗೆ ಕಂಡೀತು? ಗಾರೆ ಕಲಸುವಾಗಲೂ ಅದೇ ಯೋಚನೆ, ಮಾಗಡಿ ರಸ್ತೆಯಲ್ಲಿ ನಡೆದು ಮನೆಗೆ ಹೋಗುವಾಗಲೂ ಅದೇ.

ಗೃಹಪ್ರವೇಶದ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಬಂದಳು. ಬಾಗಿಲಿಗೆ ಮಾವಿನ ತೋರಣ. ನಡುಮನೆಯಲ್ಲಿ ಬಸವಣ್ಣನವರ ಪಟ, ಅದಕ್ಕೆ ಮೊಳದುದ್ದ ಮಲ್ಲಿಗೆ ಹಾರ. ಅವಳು ಗಾರೆ ಹೊತ್ತು ನೂರು ಸಲ ದಾಟಿದ ಹೊಸಿಲು ಅದು. ಶಿವಕ್ಕ ಅಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಬೈಯಲಿಲ್ಲ, ಗದರಲಿಲ್ಲ. "ಹಿತ್ತಲ ಕಡೆ ಹೋಗಮ್ಮ, ಎಲೆ ಅಲ್ಲಿಗೇ ಬರ್ತದೆ," ಎಂದರು. ತನ್ನ ಕೈಯ ಗಾರೆ ಒಳಗಿರಬಹುದು, ಕೈ ಹೊರಗಿರಬೇಕು. ಪಾಪಮ್ಮ ಹಿತ್ತಲಿಗೆ ಹೋದಳು.

ಹೋಳಿಗೆಯ ಎಲೆ ಹಿಡಿದು ಕಲ್ಯಾಣಮ್ಮನವರೇ ಬಂದರು. ಹಾಲುಕ್ಕಿತೆಂದು ಪಾಪಮ್ಮನಿಗೆ ವಾಸನೆಯಿಂದಲೇ ಗೊತ್ತಾಗಿತ್ತು.

"ಬೆಂಕಿ ಕಾಣಿಸ್ತಾ ಅಮ್ಮಾ, ಗೋಡೇಲಿ?"

ಕಲ್ಯಾಣಮ್ಮ ಬೆಚ್ಚಿದಂತೆ ನಿಂತರು. "ನೋಡ್ಲಿಲ್ಲ ಕಣೇ," ಎಂದರು. "ಜನ, ಗಲಾಟೆ... ನೋಡೋಕೇ ಆಗ್ಲಿಲ್ಲ."

ಬಾಯಾರೆ ಒಳಗೆ ಕರೆಯಲು ಅವರಿಗೆ ಆಗಲಿಲ್ಲ. ಪಾಪಮ್ಮ ಎಲೆಯನ್ನು ಹಾಗೇ ಬಿಟ್ಟು ಎದ್ದಳು. ಹೊಟ್ಟೆ ಹಸಿದಿತ್ತು, ಆದರೆ ಅವಳು ಬಂದದ್ದು ಹೋಳಿಗೆಗಲ್ಲ.

ಪಕ್ಕದ ಸೈಟು ಬ್ಯಾಂಕಿನ ವೆಂಕಟಗಿರಿಯವರದು. ಗಂಗಾಧರಯ್ಯನವರ ಗೋಡೆ ನೋಡಿ ಅವರೂ ಬಿಳಿ ಟೈಲೇ ಬೇಕೆಂದು ಮುನಿರಾಮಯ್ಯನಿಗೇ ಕೆಲಸ ಒಪ್ಪಿಸಿದರು. ದೀಪಾವಳಿ ಕಳೆದು ಆ ಗೋಡೆಯೂ ಎದ್ದಿತು. ಸಂದು ತುಂಬಿ, ಒರೆಸಿ, ಒಣಗಿದ ಮಾರನೇ ದಿನ, ಮಧ್ಯಾಹ್ನದ ಊಟದ ಹೊತ್ತಿಗೆ ಪಾಪಮ್ಮ ನಡುಮನೆಯಲ್ಲಿದ್ದ ತನ್ನ ಮೂರು ಇಟ್ಟಿಗೆಗಳನ್ನು ಎತ್ತಿ ತಂದು ಅಡುಗೆಮನೆಯ ಕಟ್ಟೆಯ ಮೇಲೆ ಹೂಡಿದಳು.

ಮುನಿರಾಮಯ್ಯನ ಮುಖ ಬಿಳಿಚಿತು. ಮನೆಯವರಿಗೆ ತಿಳಿದರೆ ಈ ಲೇಔಟಿನಲ್ಲೇ ಕೆಲಸ ಸಿಗದೆಂದ, ಬೇಡ ತಾಯಿ ಎಂದು ಕೈ ಮುಗಿದ.

"ಹದಿನೈದು ಮನೆ ಅಣ್ಣಾ," ಎಂದಳು ಪಾಪಮ್ಮ. "ನೀನು ಬೇಕಾದ್ರೆ ಆಚೆ ನಿಂತ್ಕೊ. ನೋಡಿಲ್ಲ ಅನ್ನು."

ಅವನು ಆಚೆ ಹೋಗಿ ನಿಂತ. ಅವಳು ಮುದ್ದೆಗೆ ಎಸರಿಟ್ಟು, ತಾರಸಿಗೆ ಆನಿಸಿದ್ದ ಸೆಂಟ್ರಿಂಗಿನ ಮರದ ಚಕ್ಕೆಗಳನ್ನು ಒಟ್ಟಿ ಕಡ್ಡಿ ಗೀರಿದಳು. ಮೊದಲು ಬರೀ ಹೊಗೆ. ಆಮೇಲೆ ಬೆಂಕಿ ಎದ್ದಿತು. ಗೋಡೆಯೊಳಗೆ ಇನ್ನೊಂದು ಎದ್ದಿತು, ಒಂದೊಂದು ಟೈಲಿನಲ್ಲೂ ಚೂರು ಚೂರಾಗಿ, ಕೆಂಪಾಗಿ, ತೂಗಾಡುತ್ತ. ಅದರ ನಡುವೆ ಒಬ್ಬ ಹೆಂಗಸಿನ ಮುಖದ ನೆರಳು. ಪಾಪಮ್ಮ ಸ್ವಲ್ಪ ಪಕ್ಕಕ್ಕೆ ಬಾಗಿದಳು, ಅದೂ ಬಾಗಿತು. ಇಷ್ಟು ದಿನ ಆಸೆಪಟ್ಟದ್ದು ಇಷ್ಟು ಚೆನ್ನಾಗಿರುತ್ತದೆಂದು ಅವಳಿಗೂ ಗೊತ್ತಿರಲಿಲ್ಲ.

ಹೊಗೆ ಕಂಡು ಪಕ್ಕದ ಮನೆಯ ಕಿಟಕಿಗೆ ಕಲ್ಯಾಣಮ್ಮ ಬಂದರು. ಎರಡು ಅಡುಗೆಮನೆಗಳ ನಡುವೆ ಮೂರು ಮಾರು ಜಾಗ. ಅವರು ಕೂಗಲಿಲ್ಲ, ಯಾರನ್ನೂ ಕರೆಯಲಿಲ್ಲ. ಕಂಬಿ ಹಿಡಿದು ಬಹಳ ಹೊತ್ತು ನೋಡಿ, ಮೆಲ್ಲಗೆ ಕೇಳಿದರು:

"ಕಾಣಿಸ್ತಾ ಪಾಪಮ್ಮ?"

"ಬನ್ನಿ ಅಮ್ಮಾ. ಒಳಗೇ ಬಂದು ನೋಡಿ."

ಕಲ್ಯಾಣಮ್ಮ ಹಿಂದೆ ತಿರುಗಿ ತಮ್ಮ ಮನೆಯ ನಡುಮನೆಯತ್ತ ನೋಡಿದರು. ಅಲ್ಲಿ ಶಿವಕ್ಕನ ಕೆಮ್ಮು ಕೇಳುತ್ತಿತ್ತು. ಅವರ ಕೈ ಕಂಬಿಯ ಮೇಲೇ ಇತ್ತು. ಎಸರು ಮರಳಿತು. ಪಾಪಮ್ಮ ಕಿಟಕಿಯತ್ತ ಇನ್ನೊಮ್ಮೆ ನೋಡಿ, ಇಬ್ಬರಿಗಾಗುವಷ್ಟು ಹಿಟ್ಟು ಸುರಿದಳು.